ಓಗೊಡದ ಗುಡ್ಡ

ಕೊಡಸೂರು ಅಳಿವೆಯ ಬಡಗಣ ದಂಡೆಯಲ್ಲಿ, ಹೊಳೆಯೂ ಕಡಲೂ ಒಂದನ್ನೊಂದು ತಳ್ಳಾಡುವ ಕಡೆ, ಒಂದು ಬೋಳು ಗುಡ್ಡವಿದೆ. ಹತ್ತುವುದು ಕಷ್ಟವೇನಲ್ಲ, ಗೇರುಗಿಡಗಳ ನಡುವೆ ಮುರಕಲ್ಲಿನ ಹಾದಿ ನೆತ್ತಿಯವರೆಗೂ ಹೋಗುತ್ತದೆ. ಅಲ್ಲಿ ಮಾಡು ಬಿದ್ದುಹೋದ ಒಂದು ಇಗರ್ಜಿ, ಅದರ ಹಿಂದೆ ಹುಲ್ಲು ಮುಚ್ಚಿದ ಸಮಾಧಿಗಳು, ಸಮಾಧಿಗಳ ಪಕ್ಕ ಒಂದು ಕಲ್ಲುಕಟ್ಟೆ, ಕಟ್ಟೆಯೆದುರು ಮಕ್ಕಳು ಕೂರುವಷ್ಟೇ ಎತ್ತರದ ಕುಳ್ಳುಕಲ್ಲುಗಳ ಸಾಲುಗಳು. ಮೊದಲ ಸಲ ನೋಡಿದವರು ಇಲ್ಲೊಂದು ಶಾಲೆಯಿತ್ತೇ ಎಂದು ಕೇಳುತ್ತಾರೆ. ಇತ್ತು ಎಂದರೆ ಸುಳ್ಳಲ್ಲ. ಊರ ಹೆಂಗಸರು ಸೌದೆಗೂ ಗೇರುಬೀಜಕ್ಕೂ ಇಲ್ಲಿಗೆ ಧಾರಾಳವಾಗಿ ಬರುತ್ತಾರೆ. ಆದರೆ ಗುಡ್ಡದ ಮೇಲೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಬೇಕಾದರೆ ಚಪ್ಪಾಳೆ ತಟ್ಟುತ್ತಾರೆ, ಇಲ್ಲವೇ ಕೆಮ್ಮುತ್ತಾರೆ. ಬೆನ್ನ ಹಿಂದೆ ಯಾರಾದರೂ ಕರೆದರೆ ‘ಓ’ ಎನ್ನುವುದಂತೂ ಇಲ್ಲವೇ ಇಲ್ಲ. ಸರ್ಕಾರಿ ನಕ್ಷೆಯಲ್ಲಿ ಈ ಗುಡ್ಡಕ್ಕೆ ಬೇರೊಂದು ಹೆಸರಿದೆ. ಆ ಹೆಸರು ಹೇಳಿ ದಾರಿ ಕೇಳಿದವರಿಗೆ ಇದುವರೆಗೆ ಯಾರೂ ದಾರಿ ತೋರಿಸಿದ್ದಿಲ್ಲ.

ಹಿಂದೆ ಒಮ್ಮೆ, ಗೋವೆಯನ್ನು ಪೋರ್ಚುಗೀಸರು ಆಳುತ್ತಿದ್ದಾಗ, ಹಡಗು ಕಟ್ಟುವ ಕೆಲಸಕ್ಕೆಂದು ಬಂದ ಕೆಲವು ಕುಟುಂಬಗಳು ಅಲ್ಲಿಂದ ತಪ್ಪಿಸಿಕೊಂಡು ಈ ಗುಡ್ಡದ ಬುಡದಲ್ಲಿ ನೆಲೆಸಿದವು ಎನ್ನುತ್ತಾರೆ. ಅವರು ಪೋರ್ಚುಗೀಸರಲ್ಲ, ಇನ್ನೂ ಆಚೆಯ ಕ್ರೊವೇಷಿಯಾ ಸೀಮೆಯ ಕಡಲಂಚಿನವರು. ತಲೆಮಾರುಗಳು ಕಳೆದು, ಬಣ್ಣ ಬಿಸಿಲಿಗೆ ಮಾಗಿ, ಊಟ ಕುಚ್ಚಲಕ್ಕಿಗೆ ಒಗ್ಗಿ, ಅವರಲ್ಲಿ ದೂರದ್ದೆಂದು ಉಳಿದದ್ದು ಭಾಷೆಯೊಂದೇ. ಅದಕ್ಕೂ ಅವರು ಒಂದು ಹೆಸರಿಟ್ಟುಕೊಂಡಿರಲಿಲ್ಲ, ‘ನಮ್ಮ ಮಾತು’ ಎನ್ನುತ್ತಿದ್ದರು. ಆ ಮಾತನ್ನು ಉಳಿಸಲೆಂದೇ ಹುಟ್ಟಿದವರಂತೆ ಇದ್ದವರು ಅವರದೇ ಕೇರಿಯ ಫ್ರಾನೋ ಪಾದ್ರಿ. ಇಗರ್ಜಿಯ ಮೇಲಧಿಕಾರಿಗಳು ಸುತ್ತಲಿನವರಾಡುವ ಕೊಂಕಣಿಯಲ್ಲಿ ಉಪದೇಶ ಮಾಡಿ ಎಂದರೆ ತಲೆಯಾಡಿಸಿ ಬಂದು ನಮ್ಮ ಮಾತಿನಲ್ಲೇ ಮಾಡುತ್ತಿದ್ದರು. ಹಾಡು, ಪ್ರಾರ್ಥನೆ, ಮೀನುಗಳ ಹೆಸರು, ಬೈಗುಳ ಎಲ್ಲವನ್ನೂ ಬರೆದಿಟ್ಟರು. ಗೆದ್ದಲು ಭಾಷೆಭೇದವೆಣಿಸದೆ ತಿಂದುಹಾಕಿತು. ಹೇಳಿಕೊಟ್ಟ ಮಾತನ್ನು ತಪ್ಪದೆ ಹೇಳಿದ ಮಗುವಿಗೆ ಬೆಲ್ಲದ ಚೂರು ಕೊಟ್ಟು ನೋಡಿದರು. ಮಕ್ಕಳು ಬೆಲ್ಲ ಚೀಪುತ್ತ ಕೊಂಕಣಿಯಲ್ಲಿ ಜಗಳವಾಡಿದರು.

ಆದರೆ ಒಂದು ವಿಷಯಕ್ಕೆ ಇಡೀ ಕೇರಿ ಆ ಮಾತಿಗೆ ಹೆದರುತ್ತಿತ್ತು. ವರ್ಷಕ್ಕೊಮ್ಮೆ ಸತ್ತವರ ದಿನ ಬಂದಾಗ ಮನೆಮನೆಯ ಹೊಸ್ತಿಲಲ್ಲಿ ಹಣತೆಯನ್ನೂ ಬೇಯಿಸಿದ ಹುರುಳಿಯ ಬಟ್ಟಲನ್ನೂ ಇಡುತ್ತಿದ್ದರು. ಮುಚ್ಚಂಜೆಗೆ ಪಾದ್ರಿ ಗುಡ್ಡದ ಮೇಲೆ ಸಮಾಧಿಗಳೆದುರು ನಿಂತು ಒಬ್ಬೊಬ್ಬರನ್ನೂ ತಂದೆಯ ಹೆಸರು, ಮನೆಯ ಹೆಸರು ಕೂಡಿಸಿ ನಮ್ಮ ಮಾತಿನಲ್ಲಿ ಕರೆಯುವರು. ಗಾಳಿಯಿಲ್ಲದಿದ್ದರೂ ಆ ಮನೆಯ ದೀಪ ಒಳಮುಖವಾಗಿ ಬಾಗುವುದು. ಆಮೇಲೆ ಪಾದ್ರಿ ಬೀಳ್ಕೊಡುವ ಮಾತು ಹೇಳಿದರೆ ದೀಪ ನೆಟ್ಟಗಾಗುವುದು. ಸತ್ತವರು ಹೊಸ ಭಾಷೆ ಕಲಿಯುವುದಿಲ್ಲ, ಈಗಲೇ ಮಕ್ಕಳಿಗೆ ಕಲಿಸಿ ಎಂದು ಫ್ರಾನೋ ಪಾದ್ರಿ ಪ್ರತಿ ವರ್ಷ ಉಪದೇಶಿಸುತ್ತಿದ್ದರು. ಬೆಲ್ಲಕ್ಕಾಗದ್ದು ಭಯಕ್ಕಾದರೂ ಆಗಲಿ ಎಂಬ ಲೆಕ್ಕ.

ಆ ಕೇರಿಯಲ್ಲಿ ಇಗರ್ಜಿ ಗುಡಿಸಿ, ಮೀನು ಮಾರಿ ಬದುಕುತ್ತಿದ್ದ ಮಾರೆ ಬಾಯಮ್ಮ ಎಂಬ ವಿಧವೆಯಿದ್ದಳು. ಸಂತೆಯಲ್ಲಿ ಹುಡುಗರು ಅವಳ ಬುಟ್ಟಿ ಇಣುಕಿ, “ಬಾಯಮ್ಮ, ಈ ಬಂಗುಡೆ ಯಾವ ಭಾಷೆಲಿ ಸತ್ತದ್ದು?” ಎಂದು ಕಿಚಾಯಿಸುತ್ತಿದ್ದರು. ಮಗಳಿಗಾದರೂ ಈ ನಗೆಪಾಟಲು ಬೇಡವೆಂದು ಮಾರೆ ತನ್ನ ನೀಕಾಳಿಗೆ ಕೊಂಕಣಿಯನ್ನಷ್ಟೇ ಕಲಿಸಿದಳು, ಜೋಗುಳವನ್ನೂ ಕೊಂಕಣಿಯಲ್ಲೇ ಹಾಡಿದಳು. ನೀಕಾ ಚಳಿಜ್ವರ ಬಂದು ಚಿಕ್ಕಂದಿನಲ್ಲೇ ತೀರಿಕೊಂಡಳು. ಆ ವರ್ಷ ಸತ್ತವರ ದಿನ ಕೇರಿಯ ದೀಪಗಳೆಲ್ಲ ಬಾಗಿದವು, ನೀಕಾಳ ಹೆಸರು ಕರೆದಾಗ ಮಾತ್ರ ಮಾರೆಯದು ನೆಟ್ಟಗೇ ಉರಿಯಿತು. ಮರುವರ್ಷವೂ ಹಾಗೆಯೇ. ಪಕ್ಕದ ಮನೆಯವರು ಬಟ್ಟಲು ಒಳಗಿಡುತ್ತ ಮಾರೆಯತ್ತ ನೋಡದೆ ಹೋದರು. ಆ ನೋಡದಿರುವಿಕೆಯೇ ಅವಳಿಗೆ ಹೆಚ್ಚು ಚುಚ್ಚಿತು.

ಮೂರನೆಯ ವರ್ಷ ಆಕೆ ಪಾದ್ರಿಯ ದಾರಿಗೆ ಅಡ್ಡ ನಿಂತು, ಒಂದೇ ಒಂದು ಹೆಸರನ್ನು ಕೊಂಕಣಿಯಲ್ಲಿ ಕರೆಯಿರಿ ಎಂದು ಬೇಡಿದಳು. ಕೊಂಕಣಿಯಲ್ಲಿ ಅಂಥ ಕರೆಯೇ ಇಲ್ಲ, ಬೀಳ್ಕೊಡುವ ಮಾತಂತೂ ಮೊದಲೇ ಇಲ್ಲ ಎಂದು ಪಾದ್ರಿ ಬಿಡಿಸಿ ಹೇಳಿದರು.

“ಅವಳಿಗೆ ಕಲಿಸು ಅಂತ ನಾನು ಎಷ್ಟು ಸಲ ಹೇಳಲಿಲ್ಲ, ಮಾರೆ?”

“ಹೇಳಿದ್ದಿರಿ ಪಾದ್ರಿಗಳೇ. ತಪ್ಪು ನನ್ನದು. ಕತ್ತಲಲ್ಲಿ ನಿಂತಿರೋದು ಮಾತ್ರ ಅವಳು.”

ಆ ಸಂಜೆ ಎಲ್ಲ ಹೆಸರುಗಳನ್ನೂ ಕರೆದು ಮುಗಿಸಿದ ಮೇಲೆ ಅವರು ಮಾರೆಯ ಮುಖವನ್ನೊಮ್ಮೆ ನೋಡಿದರು. ಅನಂತರ, ಉಣ್ಣುವ ಹೊತ್ತಿಗೆ ಯಾವ ಕೇರಿಯ ಯಾವ ತಾಯಿಯೂ ಕೂಗುವ ಹಾಗೆ, ಕೊಂಕಣಿಯಲ್ಲಿ ಕೂಗಿದರು: “ಬಾ ಮಗೂ, ಅಮ್ಮ ಕಾಯ್ತಿದ್ದಾಳೆ.” ತಂದೆಯ ಹೆಸರಿಲ್ಲ, ಮನೆಯ ಹೆಸರಿಲ್ಲ. ಕೆಳಗೆ ಮಾರೆಯ ದೀಪ ಬಾಗಿದ್ದು ಗುಡ್ಡದ ಮೇಲಿಂದಲೇ ಕಂಡಿತು. ಮಾರೆ ಕೈಮುಗಿದಳು. ಮುಗಿದ ಕೈ ಇಳಿಸುವ ಮೊದಲೇ ಅಳಿವೆಯ ಕಡೆಯಿಂದ ಒಂದು ಪುಟ್ಟ ದನಿ ‘ಓ’ ಎಂದಿತು. ಅದರ ಹಿಂದೆ ಇನ್ನೊಂದು. ಆಮೇಲೆ ನೀರಿನುದ್ದಕ್ಕೂ. ದೋಣಿ ಮಗುಚಿ ಹೋದವರು, ಜ್ವರಕ್ಕೆ ಹೋದವರು, ಯಾರ್ಯಾರದೋ ಮಕ್ಕಳು. ಅಮ್ಮ ಕಾಯುತ್ತಿದ್ದಾಳೆ ಎಂದರೆ ತನ್ನ ಅಮ್ಮನಲ್ಲ ಎಂದು ಯಾವ ಮಗು ತಾನೇ ತಿಳಿದೀತು? ಒಣಗಿದ ಹಾದಿಯ ಮೇಲೆ ಸಣ್ಣ ಸಣ್ಣ ಒದ್ದೆ ಹೆಜ್ಜೆಗಳು ಮೂಡುತ್ತ ಬಂದವು. ಪಾದ್ರಿ ಬೀಳ್ಕೊಡುವ ಮಾತು ಹೇಳಿದರು. ಕೇರಿಯ ಸತ್ತ ಹಿರಿಯರು ಎಂದಿನಂತೆ ಮರಳಿ ಹೋದರು, ದೀಪಗಳು ನೆಟ್ಟಗಾದವು. ಗುಡ್ಡದ ಮೇಲೆ ಮಾತ್ರ ಸುತ್ತಲಿಂದ ಪುಟ್ಟ ದನಿಗಳು ವಿನಯದಿಂದ ಕೇಳಿದವು: “ಏನಂದಿರಿ ಪಾದ್ರಿಗಳೇ? ಅರ್ಥ ಆಗಲಿಲ್ಲ.”

ಫ್ರಾನೋ ಪಾದ್ರಿ ಆಮೇಲೆ ಗುಡ್ಡ ಇಳಿಯಲೇ ಇಲ್ಲ. ಕಲ್ಲು ಹೊತ್ತು ತಂದು ಸಾಲಾಗಿ ಇಟ್ಟರು, ತಾವು ಕಟ್ಟೆಯ ಮೇಲೆ ಕುಳಿತರು, ನೀರು, ರೊಟ್ಟಿ, ಕೈ, ಮನೆ ಎಂದು ಮೊದಲಿನಿಂದ ಪಾಠ ಶುರುಮಾಡಿದರು. ಸಂಜೆಯಾದರೆ ಕೆಳಗಿನ ಕೇರಿಗೆ ಒಂದು ಮುದಿ ದನಿಯೂ ಅದನ್ನು ಒಪ್ಪಿಸುವ ಅನೇಕ ಎಳೆ ದನಿಗಳೂ ಕೇಳಿಸುತ್ತಿದ್ದವು ಎನ್ನುತ್ತಾರೆ. ಆಯಸ್ಸಿಡೀ ಬೆಲ್ಲ ಹಂಚಿದರೂ ತುಂಬದ ಶಾಲೆ ಹೀಗೆ ತುಂಬಿತು. ಸತ್ತವರು ಹೊಸ ಭಾಷೆ ಕಲಿಯುವುದಿಲ್ಲ ಎಂಬ ಅವರ ಉಪದೇಶ ಸುಳ್ಳಾದದ್ದಕ್ಕೆ ಅವರಷ್ಟು ಸಂತೋಷಪಟ್ಟವರು ಬೇರೊಬ್ಬರಿಲ್ಲ. ಬದುಕಿದ್ದವರಿಗೆ ಮಾತ್ರ ಇದು ತಡೆಯದೆ, ಒಂದೊಂದೇ ಮನೆ ಬೀಗ ಹಾಕಿಕೊಂಡು ಗುಳೆ ಹೋಯಿತು. ಕಲಿತ ಮಗುವಿಗೆ ಪಾದ್ರಿ ಬೀಳ್ಕೊಡುವ ಮಾತು ಹೇಳುವರು. ಅದು ಕುಳಿತಿದ್ದ ಕಲ್ಲಿನ ಮೇಲೆ ಮುಂದಿನ ಮಳೆಗೆ ಪಾಚಿ ಹಬ್ಬುವುದು. ಮಾರೆ ದಿನವೂ ಬಂದು ಹಿಂದೆ ಕುಳಿತು, ತಾನು ಬಿಟ್ಟುಕೊಟ್ಟಿದ್ದ ಮಾತನ್ನು ಮಗಳ ಜೊತೆಗೇ ಮತ್ತೆ ಕಲಿತಳು. ಕೊನೆಗೆ ಪಾಚಿ ಹಬ್ಬದೆ ಒಂದೇ ಕಲ್ಲು ಉಳಿಯಿತು, ನೀಕಾಳದು.

“ಅವಳಿಗೆ ಎಲ್ಲ ಬರ್ತದೆ, ಮಾರೆ,” ಎಂದರು ಹಾಸಿಗೆ ಹಿಡಿದ ಪಾದ್ರಿ. “ನಾನು ಹೋಗು ಅಂದರೆ ಹೋಗೋದಿಲ್ಲ. ನೀನು ಹೇಳಲಿ ಅಂತ ಕಾಯ್ತಿದ್ದಾಳೆ.”

ತೀರಿಕೊಂಡ ಪಾದ್ರಿಯನ್ನು ಆಕೆಯೇ ನಮ್ಮ ಮಾತಿನಲ್ಲಿ, ತಡವರಿಸದೆ, ಬೀಳ್ಕೊಟ್ಟಳು. ಆಮೇಲೆ ಪ್ರತಿ ಸಂಜೆಯೂ ಮಗಳಿಗೆ ಹೇಳಿಬಿಡಬೇಕೆಂದೇ ಗುಡ್ಡ ಹತ್ತುವಳು. ನೀಕಾ ಕರೆಯುವಳು, ಇವಳು ಓಗೊಡುವಳು, ಸಂತೆಯ ಸುದ್ದಿ, ಮೀನಿನ ಸುದ್ದಿ ನಡೆಯುವುದು. ನಾಳೆ ಹೇಳಿದರಾಯಿತು ಎಂದು ಇಳಿದು ಬರುವಳು. ಒಂದು ಮಳೆಗಾಲ, ದೂರದ ನೆಂಟರ ಮನೆಗೆ ಹೋಗಿದ್ದಾಗ, ಮಾರೆ ಅಲ್ಲಿಯೇ ತೀರಿಕೊಂಡು ಅಲ್ಲಿಯೇ ಮಣ್ಣಾದಳು. ಸತ್ತವರನ್ನು ಕರೆಯಲು ಉಸಿರಿರುವವರೇ ಬೇಕು. ಅವಳನ್ನು ಅವಳ ಮಾತಿನಲ್ಲಿ ಕರೆದು ಗುಡ್ಡಕ್ಕೆ ತರುವವರು ಯಾರೂ ಉಳಿದಿರಲಿಲ್ಲ.

ಅಂದಿನಿಂದ ನೀಕಾ ಹಾದಿಯಲ್ಲಿ ಬಂದವರನ್ನೆಲ್ಲ ಕರೆದು ನೋಡುತ್ತಾಳೆ ಎನ್ನುತ್ತಾರೆ. ಓಗೊಟ್ಟವರ ಹಿಂದೆಯೇ ಇಳಿದು ಅವರ ಮನೆಗೆ ಬರುತ್ತಾಳಂತೆ. ಮರಳಿ ಕಳಿಸುವ ಮಾತು ಬಲ್ಲವರು ಈಗ ಭೂಮಿಯ ಈ ಬದಿಯಲ್ಲಿಲ್ಲ. ಹಾಗಾಗಿ ಗುಡ್ಡಕ್ಕೆ ಓಗೊಡದ ಗುಡ್ಡವೆಂಬ ಹೆಸರು. ನೋಡಹೋದವರಿಗೆ ಇಂದಿಗೂ ಪಾಚಿ ಹಿಡಿದ ಕಲ್ಲುಗಳು ಸಾಲಾಗಿ ಕಾಣಸಿಗುತ್ತವೆ. ಮುಂದಿನ ಸಾಲಿನ ಒಂದು ಕಲ್ಲು ಮಾತ್ರ ನಡುಮಳೆಗಾಲದಲ್ಲೂ ನುಣುಪಾಗಿ, ಒಣಗಿಕೊಂಡು ಇರುತ್ತದೆ. ಅಂಗೈಯಿಟ್ಟರೆ ಬೆಚ್ಚಗಿರುತ್ತದೆ, ಯಾರೋ ಈಗತಾನೇ ಎದ್ದು, ಬಂದವರು ಯಾರೆಂದು ನೋಡಲು ಹೋದ ಹಾಗೆ.