ಸಾಕಮ್ಮನ ಹುರುಳಿ ಸಾರು

ಬಂಡೆಗಳೂ ಕುರುಚಲು ಗಿಡಗಳೂ ತುಂಬಿದ್ದ ಒಂದು ಕಾಡಿನಲ್ಲಿ ಸಾಕಮ್ಮ ಎಂಬ ಮುಳ್ಳುಹಂದಿ ಇದ್ದಳು. ದೊಡ್ಡ ಬಂಡೆಯ ಕೆಳಗಿನ ಒಂದು ಗವಿ ಅವಳ ಮನೆ. ಗವಿಯ ಬಾಯಲ್ಲಿ ಮೂರು ಕಲ್ಲಿನ ಒಲೆ. ಒಲೆಯ ಮೇಲೆ ಮಸಿ ಹಿಡಿದ ದೊಡ್ಡ ಮಣ್ಣಿನ ಮಡಕೆ. ಅವೆರಡೂ ಅವಳ ಅವ್ವ ಮುದ್ದಮ್ಮನ ಕಾಲದವು.

ಮುದ್ದಮ್ಮ ಇದ್ದಾಗ ಮಾಗಿಯ ಚಳಿ ಬಂತೆಂದರೆ ಕಾಡಿಗೆ ಕಾಡೇ ಆ ಗವಿಯ ಮುಂದೆ ಸೇರುತ್ತಿತ್ತು. ಕಾಡಂಚಿನ ಹೊಲಗಳಲ್ಲಿ ಕೊಯ್ಲು ಮುಗಿದ ಮೇಲೆ ಉದುರಿ ಬಿದ್ದ ಹುರುಳಿಯನ್ನು ಅವಳು ಒಂದೊಂದಾಗಿ ಆಯ್ದು ತರುತ್ತಿದ್ದಳು. ಮಂಜು ದಟ್ಟವಾಗಿ ಬಿದ್ದ ಬೆಳಿಗ್ಗೆ ಒಲೆ ಹೊತ್ತಿಸಿ ಮಡಕೆ ಇಡುತ್ತಿದ್ದಳು. ಹುರುಳಿ, ನಾಲ್ಕು ಸೂಜಿಮೆಣಸಿನಕಾಯಿ, ಒಂದಿಷ್ಟು ಹುಣಸೆಹಣ್ಣು, ಉಪ್ಪು. ಅಷ್ಟೇ. ಕೆಂಡದೊಳಗೆ ಗೆಣಸು ಹೂತಿಡುತ್ತಿದ್ದಳು. ಸಾರಿನ ವಾಸನೆ ಹಳ್ಳದ ಆಚೆ ದಡಕ್ಕೂ ಹೋಗುತ್ತಿತ್ತು. ಮೊಲಗಳು ಕಿವಿ ನಿಮಿರಿಸಿಕೊಂಡು ಓಡಿ ಬರುತ್ತಿದ್ದವು. ಕಪ್ಪು ಮುಖದ ಕೋತಿಗಳಾದ ಮುಸಿಯಗಳು ಮರದಿಂದ ಮರಕ್ಕೆ ಹಾರಿ ಬರುತ್ತಿದ್ದವು. ಮುದಿ ಕರಡಿ ಭರಮಜ್ಜ ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಒಲೆಯ ಪಕ್ಕದ ಜಾಗ ಹಿಡಿದು ಕೂತಿರುತ್ತಿದ್ದ. ಮುತ್ತುಗದ ಎಲೆಯ ದೊನ್ನೆಯಲ್ಲಿ ಸಾರು ಕೊಟ್ಟರೆ ಕುಡಿದವರ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮೈಯೆಲ್ಲ ಬೆಚ್ಚಗೆ. ಸಾಕಮ್ಮ ಆಗ ಮುಳ್ಳು ಇನ್ನೂ ಗಟ್ಟಿಯಾಗದ ಕೂಸು. ಅವ್ವನ ಮಗ್ಗುಲಲ್ಲಿ ಕೂತು ಖಾಲಿ ದೊನ್ನೆಯನ್ನೂ ಬಿಡದೆ ನೆಕ್ಕುತ್ತಿದ್ದಳು.

ಒಂದು ವರ್ಷ ಬೇಸಿಗೆಯಲ್ಲಿ ಮುದ್ದಮ್ಮ ತೀರಿಕೊಂಡಳು. ಮಳೆಗಾಲ ಹೇಗೋ ಕಳೆಯಿತು. ಮಾಗಿ ಬಂದಾಗ ಸಾಕಮ್ಮನಿಗೆ ಗವಿಯಲ್ಲಿ ಕೂರಲು ಆಗಲಿಲ್ಲ. ಎಲ್ಲಿ ನೋಡಿದರೂ ಅವ್ವನೇ ಕಾಣುತ್ತಿದ್ದಳು. ಅವ್ವ ಮಾಡುತ್ತಿದ್ದ ಹಾಗೆಯೇ ಹೊಲಗಳಲ್ಲಿ ಅಲೆದು ಹುರುಳಿ ಆಯ್ದಳು. ಒಂಬತ್ತು ಬುಟ್ಟಿ ಹುರುಳಿ ಗವಿ ಸೇರಿತು.

ಒಂದು ದಿನ ಮೊಲವೊಂದು ನಡುಗುತ್ತಾ ಬಂತು.

“ಸಾಕಕ್ಕಾ, ಭರಮಜ್ಜನಿಗೆ ಕೆಮ್ಮು. ಮೂರು ದಿನದಿಂದ ಏನೂ ತಿಂದಿಲ್ಲ. ಜೇನು ತಂದುಕೊಟ್ಟರೂ ಬೇಡ ಅಂತಾನೆ. ‘ಮುದ್ದಮ್ಮನ ಸಾರು ಒಂದು ದೊನ್ನೆ ಇದ್ದಿದ್ದರೆ’ ಅಂತ ಅದೊಂದೇ ಮಾತು.”

“ನಾನು ಮಾಡಿ ತರ್ತೀನಿ. ಅಜ್ಜನಿಗೆ ಹೇಳು,” ಅಂದಳು ಸಾಕಮ್ಮ.

ಅವಳು ತಕ್ಷಣ ಒಲೆ ಹೊತ್ತಿಸಿದಳು. ಒಂದು ಬುಟ್ಟಿ ಹುರುಳಿಯನ್ನು ಮಡಕೆಗೆ ಸುರಿದಳು. ಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಎಲ್ಲ ಹಾಕಿದಳು. ಅಜ್ಜ ಕಾಯುತ್ತಿದ್ದಾನಲ್ಲ ಎಂದು ಉರಿಯ ಮೇಲೆ ಉರಿ ಹೆಚ್ಚಿಸಿದಳು. ಸಾರು ಕೊತಕೊತ ಕುದಿಯಿತು. ಇಳಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರೆ ಕಾಳು ಹರಳಿನ ಹಾಗೆ ಹಲ್ಲಿಗೆ ಸಿಕ್ಕಿತು. ಸಾರು ಬಿಸಿನೀರಿನ ಹಾಗಿತ್ತು. ಅವ್ವನ ಸಾರಿನ ಹತ್ತಿರಕ್ಕೂ ಸುಳಿಯಲಿಲ್ಲ. ಸಾಕಮ್ಮ ಸೌಟು ಕೆಳಗಿಟ್ಟು ಅತ್ತುಬಿಟ್ಟಳು.

ಆಗ ಪೊದೆಯ ಹಿಂದಿನಿಂದ ಒಂದು ಪರಿಮಳ ಬಂತು. ಅದರ ಹಿಂದೆಯೇ ಪುನುಗುಬೆಕ್ಕು ಕಂಪಣ್ಣ ಬಂದ. ಮೈಯ ಸುವಾಸನೆಯಿಂದಲೇ ಅವನಿಗೆ ಆ ಹೆಸರು. ಮೈಗಳ್ಳ. ಚಳಿಯಲ್ಲಿ ಹೊರಗೆ ಕಾಲಿಡಲು ಅವನಿಗೆ ಇಷ್ಟವಿರಲಿಲ್ಲ. ಗವಿಯ ಮೂಲೆಯಲ್ಲಿ ಸಾಲಾಗಿದ್ದ ಹುರುಳಿ ಬುಟ್ಟಿಗಳು ಅವನ ಕಣ್ಣಿಗೆ ಬಿದ್ದವು. ಚಳಿ ಮುಗಿಯುವವರೆಗೂ ಕೂತಲ್ಲೇ ತಿನ್ನಬಹುದಲ್ಲ ಎಂದು ಲೆಕ್ಕ ಹಾಕಿದ.

“ಯಾಕಮ್ಮ ಅಳ್ತೀಯ?” ಎಂದು ಮೆತ್ತಗೆ ಕೇಳಿದ.

“ಅವ್ವನ ಸಾರು ಬರ್ತಾ ಇಲ್ಲ ಕಂಪಣ್ಣ. ಅವಳು ಹಾಕ್ತಿದ್ದದ್ದೆಲ್ಲ ಹಾಕಿದೀನಿ.”

“ಎಲ್ಲ ಹಾಕಿದೆಯಾ? ಪುಡಿ?”

“ಯಾವ ಪುಡಿ?”

ಕಂಪಣ್ಣ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. “ನಿನಗೆ ಹೇಳೇ ಇಲ್ವಾ? ಪಾಪ, ಹೇಳೋದಕ್ಕೆ ಹೊತ್ತೇ ಸಿಗಲಿಲ್ಲ. ನಿಮ್ಮವ್ವ ಸಾರಿಗೆ ಒಂದು ಗುಟ್ಟಿನ ಪುಡಿ ಹಾಕ್ತಿದ್ದಳು. ಅದನ್ನ ಮಾಡಿಕೊಡ್ತಿದ್ದವನು ನಾನೇ. ಏಳು ಗುಡ್ಡ ಹತ್ತಿ ಬೇರು ತರಬೇಕು. ಈ ಚಳಿಯಲ್ಲಿ ಸುಮ್ಮನೆ ಹೋಗೋಕೆ ಆಗುತ್ತಾ? ಎರಡು ಬುಟ್ಟಿ ಹುರುಳಿ ಕೊಡು. ತಂದುಕೊಡ್ತೀನಿ.”

ಅವ್ವನ ಹೆಸರು ಕೇಳುತ್ತಲೇ ಸಾಕಮ್ಮನ ಮನಸ್ಸು ಕರಗಿತು. ಹಿಂದುಮುಂದು ನೋಡದೆ ಎರಡು ಬುಟ್ಟಿ ಕೊಟ್ಟಳು.

ಕಂಪಣ್ಣ ಯಾವ ಗುಡ್ಡವನ್ನೂ ಹತ್ತಲಿಲ್ಲ. ತನ್ನ ಮರದ ಕೆಳಗೆ ಬಿದ್ದಿದ್ದ ಒಣಗಿದ ಎಲೆಗಳನ್ನು ಪುಡಿ ಮಾಡಿದ. ಅದನ್ನು ತನ್ನ ಮೈಗೆ ಚೆನ್ನಾಗಿ ಉಜ್ಜಿ ಎಲೆಯಲ್ಲಿ ಪೊಟ್ಟಣ ಕಟ್ಟಿದ. ಸಂಜೆ ತಂದುಕೊಟ್ಟ. ಪೊಟ್ಟಣ ಬಿಚ್ಚಿದರೆ ಘಮಘಮ. ಆದರೆ ಸಾರಿಗೆ ಹಾಕಿದ ಮೇಲೆ ಅದು ಬಾಯಿಗಿಡಲು ಆಗದ ಹಾಗಾಯಿತು.

“ಪುಡಿ ಸರಿಯಾಗೇ ಇದೆ. ನಿನ್ನ ಕೈ ಇನ್ನೂ ಪಳಗಿಲ್ಲ,” ಅಂದ ಕಂಪಣ್ಣ. “ಇನ್ನೊಂದಿಷ್ಟು ಹೆಚ್ಚು ಹಾಕಬೇಕು. ಇನ್ನೆರಡು ಬುಟ್ಟಿ ತೆಗಿ.”

ತನ್ನ ಕೈಯಲ್ಲೇ ದೋಷ ಇದೆ ಎಂದು ಸಾಕಮ್ಮ ನಂಬಿದಳು. ಇನ್ನೆರಡು ಬುಟ್ಟಿ ಹೋಯಿತು. ಮರುದಿನ ಮತ್ತೆರಡು. ಸಾರು ಮಾಡಿ ಕೆಡಿಸಿದ್ದು ಬೇರೆ. ನಾಲ್ಕನೆಯ ದಿನ ಗವಿಯ ಮೂಲೆ ಬರಿದಾಯಿತು. ಮಡಕೆಯಲ್ಲಿ ಕೊನೆಯ ಸಾರು ಉಳಿದಿತ್ತು. ಬೇರೆ ದಾರಿ ಕಾಣದೆ ಅವಳು ಅದನ್ನೇ ದೊನ್ನೆಗೆ ಸುರಿದುಕೊಂಡು ಭರಮಜ್ಜನ ಗುಹೆಗೆ ಹೋದಳು.

ಅಜ್ಜ ಒಣಹುಲ್ಲಿನ ಮೇಲೆ ಮುದುಡಿ ಮಲಗಿದ್ದ. ಅವಳನ್ನು ನೋಡಿ ಮೆಲ್ಲಗೆ ಎದ್ದು ಕೂತ. ಆಸೆಯಿಂದ ದೊನ್ನೆ ತೆಗೆದುಕೊಂಡು ಒಂದು ಗುಟುಕು ಕುಡಿದ. ಮುಖ ಕಿವುಚಿತು. ಆದರೂ ನುಂಗಿದ.

“ಸಾಕಿ, ಬೇಜಾರು ಮಾಡ್ಕೋಬೇಡ ಮಗಳೇ. ಇದರಲ್ಲಿ ಬೆಕ್ಕಿನ ವಾಸನೆ ಬರ್ತದಲ್ಲ?”

ಸಾಕಮ್ಮ ಅಳುತ್ತಾ ಪುಡಿಯ ಕಥೆಯನ್ನೆಲ್ಲ ಹೇಳಿದಳು. ಅಜ್ಜ ಕೆಮ್ಮುತ್ತಲೇ ನಕ್ಕ.

“ಪುಡಿಯಂತೆ ಪುಡಿ! ಎಷ್ಟೋ ಮಾಗಿ ಅವಳ ಒಲೆ ಪಕ್ಕ ಕೂತವನು ನಾನು. ಒಂದು ಚಿಟಿಕೆ ಪುಡಿ ಹಾಕಿದ್ದು ಕಂಡಿಲ್ಲ. ಹಿಂದಿನ ದಿನ ಸಂಜೆಯೇ ಹಳ್ಳದ ನೀರಲ್ಲಿ ಹುರುಳಿ ತೊಳೆದು ನೆನೆಹಾಕೋಳು. ನೀನು ಆಗ ಆಡಿ ದಣಿದು ಮಲಗಿಬಿಟ್ಟಿರುತ್ತಿದ್ದೆ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಟ್ಟರೆ ಮಧ್ಯಾಹ್ನದವರೆಗೂ ಬೇಯೋದು. ನಾವು ‘ಆಯ್ತಾ, ಆಯ್ತಾ’ ಅಂತ ಪೀಡಿಸಿದರೆ ‘ನಿಮ್ಮ ಹೊಟ್ಟೆಗೆ ಅವಸರ, ಕಾಳಿಗಲ್ಲ’ ಅನ್ನೋಳು.”

ಸಾಕಮ್ಮನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಅವ್ವ ಹೇಗೆ ಮಾಡುತ್ತಿದ್ದಳೆಂದು ತಾನು ಒಂದು ದಿನವೂ ಗಮನವಿಟ್ಟು ನೋಡಲಿಲ್ಲವಲ್ಲ ಎಂದು ನೋವಾಯಿತು. ಅವಳು ನೇರ ಕಂಪಣ್ಣ ಇದ್ದ ಹಳೆಯ ಬಾಗೆಮರದ ಹತ್ತಿರ ಹೋದಳು.

“ನನ್ನ ಹುರುಳಿ ವಾಪಸ್ ಕೊಡು. ಅಜ್ಜ ಉಪವಾಸ ಇದಾನೆ.”

ಪೊಟರೆಯಿಂದ ಕಂಪಣ್ಣ ತಲೆ ಹೊರಹಾಕಿದ. “ಯಾವ ಹುರುಳಿ? ಅದನ್ನೆಲ್ಲ ತಿಂದಾಯ್ತಲ್ಲ! ಗಾಳಿ ಬರ್ತಿದೆ, ಹೋಗಮ್ಮ.”

ತಲೆ ಒಳಗೆ ಹೋಯಿತು. ಸಾಕಮ್ಮ ಬರಿಗೈಯಲ್ಲಿ ಹಿಂತಿರುಗಿದಳು.

ನಿಜವಾಗಿ ಹುರುಳಿಯೆಲ್ಲ ಆ ಪೊಟರೆಯೊಳಗೇ ಇತ್ತು. ಆರು ಬುಟ್ಟಿ ಹುರುಳಿಗೆ ಪೊಟರೆ ಮುಕ್ಕಾಲು ತುಂಬಿತ್ತು. ಚಳಿ ತಡೆಯಲು ಕಂಪಣ್ಣ ಹುರುಳಿಯೊಳಗೇ ಕುತ್ತಿಗೆಯವರೆಗೆ ಹೂತುಕೊಂಡು ಮಲಗುತ್ತಿದ್ದ. ಹಸಿವಾದರೆ ಬಾಯಿ ಚಾಚಿದರೆ ಸಾಕು. ಅಂದೂ ಹೊಟ್ಟೆ ಬಿರಿಯುವಷ್ಟು ತಿಂದು ನಿದ್ದೆ ಹೋದ.

ಮರುದಿನ ಬೆಳಗಾಗುತ್ತಲೇ ಮೋಡ ಕವಿಯಿತು. ಸೋನೆಮಳೆ ಹಿಡಿಯಿತು. ಸಂಜೆಯಾದರೂ ಬಿಡಲಿಲ್ಲ. ನೀರು ಕೊಂಬೆಯಿಂದ ಇಳಿದು ಪೊಟರೆಯೊಳಗೆ ತೊಟ್ಟಿಕ್ಕತೊಡಗಿತು. ಕಾಳುಗಳು ನೀರು ಕುಡಿದವು. ಒಂದಿದ್ದದ್ದು ಎರಡರಷ್ಟು ಉಬ್ಬಿತು. ಕಂಪಣ್ಣನಿಗೆ ಎಚ್ಚರವಾದಾಗ ಕೈ ಆಡಲಿಲ್ಲ, ಕಾಲು ಆಡಲಿಲ್ಲ. ಹುರುಳಿ ಅವನನ್ನು ಸುತ್ತಲಿಂದಲೂ ಬಿಗಿಯಾಗಿ ಒತ್ತಿ ಹಿಡಿದಿತ್ತು.

ಮಳೆ ನಿಂತ ಬೆಳಿಗ್ಗೆ ಮರಕುಟುಕ ಹಕ್ಕಿಯೊಂದು ಆ ಮರಕ್ಕೆ ಬಂತು. ಒಳಗಿಂದ ನರಳುವ ದನಿ ಕೇಳಿತು. ಹಕ್ಕಿ ಕೂಗಿ ಕೂಗಿ ಎಲ್ಲರನ್ನೂ ಸೇರಿಸಿತು. ಸಾಕಮ್ಮನೂ ಬಂದಳು. ಮುಸಿಯಗಳು ಮರ ಹತ್ತಿ ಇಣುಕಿದವು. ಹುರುಳಿಯ ನಡುವೆ ಕಂಪಣ್ಣನ ತಲೆ ಮಾತ್ರ ಕಾಣುತ್ತಿತ್ತು.

“ಉಸಿರು ಕಟ್ಟುತ್ತಿದೆ! ತೆಗೀರಪ್ಪೋ!” ಎಂದು ಅವನು ಗೋಗರೆದ.

“ತಿಂದಾಯ್ತು ಅಂದಿದ್ದೆಯಲ್ಲ?” ಅಂದಳು ಸಾಕಮ್ಮ ಕೆಳಗಿನಿಂದ.

“ಸುಳ್ಳು ಹೇಳಿದೆ ತಾಯಿ! ಪುಡಿಯೂ ಸುಳ್ಳು. ಒಣಗಿದ ಎಲೆ ಅದು. ನಿಮ್ಮವ್ವ ನನ್ನ ಹತ್ತಿರ ಏನೂ ತಗೊಂಡಿರಲಿಲ್ಲ. ಮೊದಲು ನನ್ನನ್ನು ಹೊರಗೆ ತೆಗೆಸು!”

ಕಾಡಿನವರೆಲ್ಲ ಕೇಳುವ ಹಾಗೆ ಅವನ ಬಾಯಿಂದಲೇ ಅದು ಹೊರಬಿತ್ತು. ಹಾಗೇ ಬಿಡೋಣ ಅಂದವು ಮೊಲಗಳು. ಸಾಕಮ್ಮ ಒಪ್ಪಲಿಲ್ಲ. “ತೆಗೀರಿ. ಹುರುಳಿಯನ್ನೂ ತೆಗೀರಿ,” ಅಂದಳು.

ಮುಸಿಯಗಳು ಬೊಗಸೆ ಬೊಗಸೆಯಾಗಿ ಕಾಳು ತೆಗೆದು ಬುಟ್ಟಿಗೆ ತುಂಬಿದವು, ಕಂಪಣ್ಣನನ್ನೂ ಎಳೆದು ಹೊರತೆಗೆದವು. ಸಾಕಮ್ಮ ಒಂದು ಕಾಳು ಹಿಡಿದು ಅದುಮಿ ನೋಡಿದಳು. ಮೆತ್ತಗಿತ್ತು, ಚೆನ್ನಾಗಿ ನೆನೆದಿತ್ತು. “ಬೇಗ ನಡೀರಿ. ಒಲೆ ಹೊತ್ತಿಸಬೇಕು,” ಅಂದಳು.

ಹಳ್ಳದಲ್ಲಿ ಕಾಳನ್ನು ಮೂರು ಸಲ ತೊಳೆದಳು. ಮಡಕೆಗೆ ಹಾಕಿ ಸಣ್ಣ ಉರಿ ಮಾಡಿದಳು. ಕೆಂಡದಲ್ಲಿ ಗೆಣಸು ಹೂತಳು. ಎಲ್ಲರೂ ಸುತ್ತ ಕೂತರು.

“ಆಯ್ತಾ ಸಾಕಕ್ಕ?” ಎಂದವು ಮೊಲಗಳು.

“ಇನ್ನೂ ಇಲ್ಲ.”

“ಈಗ?”

“ಇಲ್ಲ ಅಂದೆನಲ್ಲ. ಸುಮ್ಮನೆ ಕೂತಿರಿ.”

ಬಿಸಿಲು ಏರಿತು. ಸಾರಿನ ಬಣ್ಣ ನಿಧಾನವಾಗಿ ಕೆಂಪಗಾಯಿತು, ಮಂದವಾಯಿತು. ವಾಸನೆ ಎದ್ದು ಬಂಡೆಗಳ ಮೇಲೆ ಹರಿದಾಡಿತು. ಹಳ್ಳದ ಕಡೆಯಿಂದ ಕಡ್ಡಿ ಮುರಿದ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತಾ ಭರಮಜ್ಜ ಬರುತ್ತಿದ್ದ. ಯಾರೂ ಕರೆದಿರಲಿಲ್ಲ. ಬಂದವನೇ ಒಲೆಯ ಪಕ್ಕ ಕೂತ.

ಸಾಕಮ್ಮ ಮೊದಲ ದೊನ್ನೆ ಅವನಿಗೇ ಕೊಟ್ಟಳು. ಅಜ್ಜ ಕುಡಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಗುಟುಕು ಕುಡಿದ. ಅವನ ಮೂಗಿನ ತುದಿಯಿಂದ ನೀರು ಇಳಿಯಿತು. ಬರಿದಾದ ದೊನ್ನೆಯನ್ನು ಮುಂದೆ ಚಾಚಿದ.

“ಇನ್ನೊಂದು ಹಾಕು ಮುದ್ದಮ್ಮ,” ಅಂದ. ಆಮೇಲೆ ನಾಲಿಗೆ ಕಚ್ಚಿಕೊಂಡು, “ಸಾಕಿ, ಸಾಕಿ,” ಅಂದ.

ಸಾಕಮ್ಮ ನಗುತ್ತಾ ಅಳುತ್ತಾ ದೊನ್ನೆ ತುಂಬಿದಳು.

ದೂರದಲ್ಲಿ ಕಂಪಣ್ಣ ಒದ್ದೆ ಮೈಯಲ್ಲಿ ಗಡಗಡ ನಡುಗುತ್ತಾ ಕೂತಿದ್ದ. ಹಸಿ ಹುರುಳಿ ತಿಂದು ಹೊಟ್ಟೆ ಉಬ್ಬರಿಸಿ ಡೊಳ್ಳಾಗಿತ್ತು. ಸಾಕಮ್ಮ ಅವನಿಗೂ ತಿಳಿಸಾರು ಒಯ್ದು ಕೊಟ್ಟಳು.

“ಕುಡಿ. ಆದರೆ ನೀನು ತಿಂದಷ್ಟು ಹುರುಳಿಯನ್ನು ಹೊಲದಲ್ಲಿ ನೀನೇ ಆಯ್ದು ತಂದುಕೊಡಬೇಕು. ನಾಳೆ ಮಂಜು ಬೀಳೋ ಹೊತ್ತಿಗೇ ಹೊರಡು.”

ಕಂಪಣ್ಣ ತಲೆ ತಗ್ಗಿಸಿ ಒಪ್ಪಿದ. ಆ ಮಾಗಿಯೆಲ್ಲ ಅವನು ಸೊಂಟ ಬಗ್ಗಿಸಿ ಕಾಳು ಆಯ್ದ. ಆಮೇಲೆ ಅವನು ಯಾರ ಹತ್ತಿರ ಗುಟ್ಟು ಎಂದು ಬಾಯಿ ತೆರೆದರೂ ಕಾಡಿನವರು ಘೊಳ್ಳೆಂದು ನಗುತ್ತಿದ್ದರು. ಸಾಕಮ್ಮನಂತೂ ಸಾರು ಮಾಡುವ ಬಗೆಯನ್ನು ಕೇಳಿದವರಿಗೆಲ್ಲ ಹೇಳಿಕೊಟ್ಟಳು.

ಮುಂದಿನ ಸಾರಿಗೆಂದು ಒಂದು ಸಂಜೆ ಸಾಕಮ್ಮ ಹಳ್ಳದಲ್ಲಿ ಹುರುಳಿ ತೊಳೆಯುತ್ತಿದ್ದಳು. ನೀರು ಕೊರೆಯುತ್ತಿತ್ತು. ಬೆರಳು ಸೆಟೆದುಕೊಂಡಿತು. ಆಗ ಅವಳಿಗೆ ನೆನಪಾಯಿತು. ಮಾಗಿಯ ದಿನಗಳಲ್ಲಿ ಮಗ್ಗುಲಿಗೆ ಮಲಗಲು ಬರುವಾಗ ಅವ್ವನ ಕೈ ಮಂಜಿನಷ್ಟು ತಣ್ಣಗಿರುತ್ತಿತ್ತು. “ಮುಟ್ಟಬೇಡ ಅವ್ವ, ಚಳಿ ಚಳಿ,” ಎಂದು ತಾನು ನಿದ್ದೆಗಣ್ಣಲ್ಲೇ ದೂರ ಸರಿಯುತ್ತಿದ್ದಳು. ಆ ಕೈ ಯಾಕೆ ಹಾಗಿರುತ್ತಿತ್ತು ಎಂದು ಅವಳಿಗೆ ಈಗ ಗೊತ್ತಾಯಿತು.

ನೀತಿ: ಇನ್ನೊಬ್ಬರ ದುಃಖವನ್ನು ಬಳಸಿಕೊಂಡು ವಂಚಿಸಿ ಕೂಡಿಟ್ಟದ್ದು ವಂಚಕನಿಗೇ ಉರುಳಾಗುತ್ತದೆ; ಹಿರಿಯರ ಕೈರುಚಿ ಬೇಕೆಂದರೆ ಅವರ ಹಾಗೆಯೇ ತಾಳ್ಮೆಯಿಂದ ದುಡಿಯಬೇಕು.