ಕಳ್ಳಿಹಣ್ಣಿನ ಪಾಕ

"ಅವ್ವಾ, ಮಾಡದ ತಪ್ಪಿಗೆ ಒಂದು ಸಲ ತಪ್ಪಾಯಿತು ಎಂದುಬಿಟ್ಟರೆ ಏನು ಹೋಗುತ್ತದೆ?" ಎಂದು ಶಿಷ್ಯ ಕೇಳಿದ. "ಅಣ್ಣಂದಿರು ಅಷ್ಟೇ ಕೇಳುತ್ತಿದ್ದಾರೆ. ಹಾಗೆ ಅಂದುಬಿಟ್ಟರೆ ನನ್ನನ್ನು ಮನೆಗೆ ಸೇರಿಸಿಕೊಳ್ಳುತ್ತಾರೆ."

ಅವನ ಗುರು ಒಬ್ಬ ಮುದುಕಿ. "ಕೂತುಕೋ. ಒಂದು ಊರಿನ ಸಂಗತಿ ಹೇಳುತ್ತೇನೆ," ಎಂದಳು.

ಆ ಊರಿನಲ್ಲಿ ಸಣ್ಣೀರಮ್ಮ ಎಂಬ ಹೆಂಗಸಿದ್ದಳು. ಗಂಡ ಬಳೆಗಾರನ ನಾದಿನಿಯನ್ನು ಕಟ್ಟಿಕೊಂಡು ಊರು ಬಿಟ್ಟಿದ್ದ. ಆ ಕತೆ ಇದಕ್ಕಿಂತ ರುಚಿ, ಆದರೆ ಈಗ ಬೇಡ. ಅವಳಿಗೆ ಉಳಿದದ್ದು ಒಂದು ಹಿತ್ತಲು, ಹಿತ್ತಲ ಬೇಲಿಗೆ ಪಾಪಾಸುಕಳ್ಳಿ. ಬೇಸಿಗೆಯಲ್ಲಿ ಅದು ಕೆಂಪು ಹಣ್ಣು ಬಿಡುತ್ತಿತ್ತು. ಹಣ್ಣಿನ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು. ಆಡೂ ಅದನ್ನು ಮೂಸುತ್ತಿರಲಿಲ್ಲ.

ಸಣ್ಣೀರಮ್ಮ ಆ ಹಣ್ಣನ್ನು ಇಕ್ಕಳದಲ್ಲಿ ಕಿತ್ತಳು. ಕೆಂಡದ ಮೇಲೆ ಹೊರಳಿಸಿ ಮುಳ್ಳು ಸುಟ್ಟಳು. ಸಿಪ್ಪೆ ತೆಗೆದು, ಕಿವುಚಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಬೆಲ್ಲ ಹಾಕಿ ಕಾಸಿದಳು. ಬೇಗ ಇಳಿಸಿದರೆ ಶರಬತ್ತಿನ ಪಾಕ. ನಿಂಬೆಹುಳಿ ಹಿಂಡಿ ಇನ್ನಷ್ಟು ಕಾಸಿ ತಟ್ಟೆಗೆ ಸುರಿದರೆ ಮಾರನೆಯ ದಿನಕ್ಕೆ ಗಟ್ಟಿ. ಮುಟ್ಟಿದರೆ ನಡುಗುತ್ತದೆ, ಚಾಕುವಿನಲ್ಲಿ ಕೊಯ್ಯಬಹುದು. ಬೇರೆ ಊರಿನ ಸಂತೆಯಲ್ಲಿ ಜನ ಕೇಳಿ ಕೇಳಿ ಕೊಂಡರು. ಆದರೆ ಹದ ತಿಳಿಯಬೇಕಾದರೆ ಮತ್ತೆ ಮತ್ತೆ ನಾಲಗೆಗೆ ಇಟ್ಟು ನೋಡಬೇಕು. ಪಾಕ ಕಾಸಿದ ದಿನವೆಲ್ಲ ಅವಳ ತುಟಿ ಕೆಂಪಗಿರುತ್ತಿತ್ತು.

ಊರಿಗೆ ಅಷ್ಟು ಸಾಕಾಯಿತು. ಗಂಡ ಬಿಟ್ಟ ಹೆಂಗಸು ಎಲೆಯಡಿಕೆ ಹಾಕಬಾರದು, ತುಟಿ ಕೆಂಪು ಮಾಡಿಕೊಳ್ಳಬಾರದು ಎಂಬುದು ಅಲ್ಲಿಯ ಕಟ್ಟಳೆ. ಇವಳಿಗೆ ಎಲೆ ಮಡಿಸಿ ಕೊಡುತ್ತಿರುವವನು ಯಾರು ಎಂದು ಬಾವಿಯ ಹತ್ತಿರ ಮಾತು ಹುಟ್ಟಿತು. ಒಬ್ಬಳು ಪೂಜಾರಿ ಎಂದಳು. ಒಬ್ಬಳು ಗಾಣಿಗ ಎಂದಳು. ಮೂರನೆಯವಳು ಇಬ್ಬರೂ ಎಂದಳು.

ಊರ ಯಜಮಾನ ಅವಳನ್ನು ಕಟ್ಟೆಗೆ ಕರೆಸಿದ. "ಎಲ್ಲರ ಮುಂದೆ ತಪ್ಪುಕಾಣಿಕೆ ಇಡು. ಒಂದು ತೆಂಗಿನಕಾಯಿ, ತಪ್ಪಾಯಿತು ಎಂದು ಒಂದು ಮಾತು. ಅಲ್ಲಿಗೆ ಮುಗಿಯಿತು. ಇಡದಿದ್ದರೆ ಇನ್ನು ಯಾರ ಮನೆಯ ಮದುವೆಗೂ ನಿನಗೆ ಕರೆಯಿಲ್ಲ."

"ಇದು ಕಳ್ಳಿಹಣ್ಣಿನ ಬಣ್ಣ, ಯಜಮಾನರೇ."

"ಕಳ್ಳಿಹಣ್ಣು ತಿನ್ನುವವರುಂಟೇನಮ್ಮ? ಸುಳ್ಳು ಹೇಳುವುದಾದರೂ ನಂಬುವ ಹಾಗೆ ಹೇಳು."

"ನಂಬಬೇಡಿ. ಕಾಯಿಯಂತೂ ಇಡುವುದಿಲ್ಲ."

ಸೋಮವಾರದವರೆಗೆ ಗಡುವು ಕೊಟ್ಟರು. ಅವಳ ಸ್ವಂತ ಅಕ್ಕನೇ ಸೆರಗಿನಲ್ಲಿ ಕಾಯಿ ಮುಚ್ಚಿಕೊಂಡು ಬಂದಳು. "ನನ್ನ ಮಗಳ ಮದುವೆ ಬಂತಲ್ಲೇ. ಎತ್ತಿ ಆಡಿಸಿದ ಚಿಕ್ಕಮ್ಮನೇ ಇಲ್ಲದೆ ಧಾರೆ ಹೇಗೆ ಎರೆಯಲಿ? ಕಾಯಿ ನಾನೇ ತಂದಿದ್ದೇನೆ. ಇಟ್ಟು ಬಾರೆ."

"ಅಕ್ಕಾ, ನೀನು ಕಾಯಿ ತಂದೆ. ಮಾಡಿದ್ದೀಯಾ ಇಲ್ಲವಾ ಅಂತ ಒಂದು ಮಾತು ಕೇಳಲಿಲ್ಲ ನೋಡು," ಎಂದಳು ಸಣ್ಣೀರಮ್ಮ.

ಸೋಮವಾರ ಮಧ್ಯಾಹ್ನ, ಊರು ಉಂಡು ಮಲಗಿದಾಗ, ಯಜಮಾನ ಅವಳ ಹಿತ್ತಲ ಬೇಲಿಗೆ ಹೋದ. ಪರೀಕ್ಷೆ ಮಾಡಲು ಹೋದೆ ಎಂದು ಆಮೇಲೆ ಹೇಳಿಕೊಂಡ. ಪರೀಕ್ಷೆ ಮಾಡುವವನು ಒಂದು ಹಣ್ಣು ಕೀಳುತ್ತಾನೆ. ಇವನು ಹೆಗಲ ವಲ್ಲಿಯ ತುಂಬ ಕಿತ್ತಿದ್ದ. ಕೆಂಡದ ಸಂಗತಿ ಅವನಿಗೇನು ಗೊತ್ತು? ಒಂದನ್ನು ಅದೇ ವಲ್ಲಿಯಲ್ಲಿ ಒರೆಸಿ ಕಚ್ಚಿದ.

ಸಂಜೆ ಊರೆಲ್ಲ ಕಟ್ಟೆಗೆ ಸೇರಿತು. ಯಜಮಾನ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ತೀರ್ಪು ಹೇಳಬೇಕಾದವನು ಅವನೇ, ಬಟ್ಟೆ ತೆಗೆಯಲೇಬೇಕಾಯಿತು. ತುಟಿಯಿಂದ ಗಡ್ಡದವರೆಗೆ ಕೆಂಪು. ನಾಲಗೆ ಊದಿ ಬಾಯಿ ತುಂಬಿತ್ತು. ಹೆಂಗಸರ ಗುಂಪಿನಿಂದ ಅವನ ಹೆಂಡತಿಯೇ ಕೂಗಿದಳು: "ನಮ್ಮೆಜಮಾನರಿಗೆ ಎಲೆ ಮಡಿಸಿ ಕೊಟ್ಟವಳು ಯಾರು, ಸ್ವಲ್ಪ ವಿಚಾರಿಸಿ!"

ಸಣ್ಣೀರಮ್ಮ ಮನೆಯಿಂದ ಚಿಮ್ಮಟ ತಂದು ಕಟ್ಟೆ ಹತ್ತಿದಳು. ಅವನ ಗಲ್ಲ ಹಿಡಿದು ಒಂದೊಂದೇ ಮುಳ್ಳು ಕಿತ್ತಳು. "ಅಳಬೇಡಿ ಯಜಮಾನರೇ, ನಾಲಗೆ ಅಲ್ಲಾಡುತ್ತದೆ," ಎಂದಳು. ಮಕ್ಕಳು ಸರದಿಯಲ್ಲಿ ನಿಂತು ನೋಡಿದರು.

ಮಾತು ಹೊರಡುವಂತಾದಾಗ ಯಜಮಾನ ಹೇಳಿದ: "ಬಣ್ಣ ಹಣ್ಣಿನದೇ. ಒಪ್ಪಿದೆ. ಆದರೆ ಕಟ್ಟೆಯಲ್ಲಿ ಆಡಿದ ಮಾತು ಹಿಂದಕ್ಕೆ ಹೋಗಬಾರದು. ಹೆಸರಿಗೊಂದು ಕಾಯಿ ಇಟ್ಟುಬಿಡು ತಾಯಿ."

ಹಿರಿಯರೆಲ್ಲ ತಲೆಯಾಡಿಸಿದರು. ಅಕ್ಕ ಓಡಿಬಂದು ಕಾಯಿಯನ್ನು ಅವಳ ಕೈಗೆ ತುರುಕಿದಳು.

ಸಣ್ಣೀರಮ್ಮ ಕಾಯಿಯನ್ನು ಕಟ್ಟೆಯ ಕಲ್ಲಿಗೆ ಕುಕ್ಕಿ ಒಡೆದಳು. ಅಲ್ಲೇ ನಿಂತು ನೀರು ಕುಡಿದಳು. ಎರಡು ಹೋಳನ್ನೂ ಮನೆಗೆ ಒಯ್ದು ಚಟ್ನಿ ಅರೆದಳು.

ಅಕ್ಕನ ಮಗಳ ಮದುವೆ ನಡೆಯಿತು. ಓಲಗ ಹಿತ್ತಲಿಗೆ ಕೇಳಿಸಿತು. ಅವಳು ಪಾಕ ಸೋಸುತ್ತಿದ್ದಳು. ಸೋಸುತ್ತ ಅತ್ತಳು ಎಂದು ಹೇಳುವವರಿದ್ದಾರೆ, ಅತ್ತಿದ್ದಾಳು. ಆಮೇಲೆ ಬಾವಿಯ ಹೆಂಗಸರು ಒಬ್ಬೊಬ್ಬರಾಗಿ ಬೇಲಿಯ ಮಗ್ಗುಲಲ್ಲಿ ಬಂದು, ಹಣ್ಣನ್ನು ಕೆಂಡದ ಮೇಲೆ ಎಷ್ಟು ಹೊತ್ತು ಹೊರಳಿಸಬೇಕು ಎಂದು ಕೇಳಿದರು. ಅವಳು ಹೇಳಿಕೊಟ್ಟಳು. ಹೇಳಿಕೊಡುವ ಮೊದಲು ಪ್ರತಿಯೊಬ್ಬಳನ್ನೂ ಕೇಳಿದಳು: "ಪೂಜಾರಿ ಅಂದವಳು ನೀನೋ, ಗಾಣಿಗ ಅಂದವಳು ನೀನೋ?" ಆದರೂ ಅವರ ಯಾರ ಮನೆಯ ಮದುವೆಗೂ ಅವಳಿಗೆ ಕರೆ ಬರಲಿಲ್ಲ.

ಮುದುಕಿ ಕತೆ ನಿಲ್ಲಿಸಿದಳು.

"ಹೆಸರಿಗೊಂದು ಕಾಯಿ ಇಟ್ಟಿದ್ದರೆ, ಅವ್ವಾ, ಆ ಒಂದು ಮದುವೆಗಾದರೂ ಕರೆಯುತ್ತಿದ್ದರಲ್ಲ?"

"ಕರೆಯುತ್ತಿದ್ದರು, ತಪ್ಪು ಮಾಡಿದವಳನ್ನು, ಸಣ್ಣೀರಮ್ಮನನ್ನಲ್ಲ."