ಎರಡಾಣೆಯ ಪಟ

"ನನ್ನ ಮಗಳ ಪಟ ಶಾಲೆಯ ಗೋಡೆ ಏರಬೇಕು. ಅದೂ ಎರಡೇ ಆಣೆಯಲ್ಲಿ!" ಎಂದು ಸಾಹುಕಾರ ಬಸಲಿಂಗಪ್ಪನವರು ತುಂಬಿದ ದರ್ಬಾರಿನಲ್ಲಿ ಎದೆ ತಟ್ಟಿಕೊಂಡರು.

ಎದೆ ತಟ್ಟಿಕೊಳ್ಳುವಂಥ ಸಂಗತಿಯೇ. ಮಲ್ಲೇಶ್ವರಸ್ವಾಮಿಯ ದಯೆಯಿಂದ ಅವರ ಮಗಳು ಗಿರಿಜೆ ಆ ವರ್ಷ ಮೆಟ್ರಿಕ್ ಪಾಸು ಮಾಡಿದ್ದಳು. ಹೊನ್ನಗವಿ ಸಂಸ್ಥಾನದ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲು. ವಿಜಯದಶಮಿಯ ದಿನ ಅವಳ ಪಟವನ್ನು ಶಾಲೆಯಲ್ಲಿ ತೂಗುಹಾಕಿಸುವುದೆಂದು ಅರಸರ ಅಪ್ಪಣೆಯಾಗಿತ್ತು. ಪಟ ತೆಗೆಸುವ ಖರ್ಚು ಮಾತ್ರ ಸಾಹುಕಾರರದು.

ಪಟ ತೆಗೆಯಬೇಕಾದವನು ಮೌನಾಚಾರಿ. ಮದರಾಸಿನಲ್ಲಿ ಮೂರು ವರ್ಷ ಕೆಲಸ ಕಲಿತು, ಮುಕ್ಕಾಲಿಯನ್ನೂ ಕ್ಯಾಮೆರಾ ಪೆಟ್ಟಿಗೆಯನ್ನೂ ಹೊತ್ತು ಆಗ ತಾನೇ ಊರಿಗೆ ಬಂದಿದ್ದ. ಇದು ಅವನ ಮೊದಲ ಕೆಲಸ. ಹಿಂದಿನ ದಿನ ಗುಡಿಯ ಜಗಲಿಯಲ್ಲಿ ಆಸ್ಥಾನದ ವಿದೂಷಕ ಭುಜಂಗಯ್ಯನನ್ನು ಹಿಡಿದಿದ್ದ.

"ಅಯ್ಯನವರೇ, ಐದು ರೂಪಾಯಿ ಕೇಳಲೇ?"

"ಗಾಜು, ಔಷಧಿ ನೀರು, ಕಾಗದ ಎಲ್ಲಾ ಸೇರಿ ಎಷ್ಟು ಬೀಳುತ್ತೆ?"

"ಐದು ರೂಪಾಯಿ."

"ಮತ್ತೆ ನೀನು ಊಟಕ್ಕೆ ಏನು ತಿಂತೀಯಪ್ಪಾ, ಗಾಜೇ? ಹನ್ನೆರಡು ಅನ್ನು. ಅಂದ ಮೇಲೆ ಬಾಯಿ ಮುಚ್ಕೋ. ನಿನ್ನಂಥ ಸಾಧುಗಳು ಬೆಲೆ ಹೇಳಿದ ಮರುಗಳಿಗೆ ತಾವೇ ಇಳಿಸಿಬಿಡ್ತಾರೆ."

ದರ್ಬಾರಿನಲ್ಲಿ ಮೌನಾಚಾರಿ ದೇವರನ್ನು ನೆನೆದು "ಹನ್ನೆರಡು ರೂಪಾಯಿ" ಎಂದ. ಸಾಹುಕಾರರ ಹುಬ್ಬು ಮೇಲೇರಿತು. "ಅಲ್ಲ, ಬೇಕಾದರೆ..." ಎಂದು ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಭುಜಂಗಯ್ಯ ಅವನ ಕಾಲ್ಬೆರಳನ್ನು ತುಳಿದ.

"ಹನ್ನೆರಡೇ!" ಸಾಹುಕಾರರು ಕೂಗಿದರು. "ಪಟ ತೆಗೆಯೋನ ಕೆಲಸ ನಾನು ಪೇಟೇಲಿ ಕಂಡಿಲ್ಲವೇ? ಪೆಟ್ಟಿಗೆ ಮೂತಿಯ ಮುಚ್ಚಳ ತೆಗೀತಾನೆ, ಆರು ಎಣಿಸ್ತಾನೆ, ಮುಚ್ಚಳ ಹಾಕ್ತಾನೆ. ಅದಕ್ಕೆ ಎರಡಾಣೆ ಬಹಳಾಯ್ತು. ಉಳಿದದ್ದೆಲ್ಲ ಕತ್ತಲೆ ಕೋಣೇಲಂತೆ! ನನ್ನ ಕಣ್ಣಿಗೆ ಕಾಣದ ಕೆಲಸಕ್ಕೆ ನಾನು ಕಾಸು ಬಿಚ್ಚೋನಲ್ಲ."

ಅರಸರು ಮೀಸೆ ತಿರುವಿದರು. "ಅರಮನೆಯಲ್ಲೂ ಹದಿನೆಂಟು ಜನರ ಪಟ ಆಗಬೇಕು. ಸಾಹುಕಾರರ ದರವೇ ಅರಮನೆಗೂ ಇರಲಿ."

ಮೌನಾಚಾರಿಯ ಮುಖ ಬಾಡಿತು. ಈ ದರ ನಿಂತರೆ ಹಬ್ಬ ಮುಗಿಯುವುದರೊಳಗೆ ಪೆಟ್ಟಿಗೆಯನ್ನೇ ಮಾರಬೇಕು. ಭುಜಂಗಯ್ಯ ಅರಸರತ್ತ ತಿರುಗಿ ಏನೋ ಹೇಳಹೊರಟವನು ಆ ಮಾತನ್ನು ನುಂಗಿಕೊಂಡ. ಆಮೇಲೆ ಕೈಮುಗಿದು ನಿಂತ.

"ಸಾಹುಕಾರರ ಮಾತೇ ಕರಾರಾಗಲಿ ಮಹಾಸ್ವಾಮಿ. ಕಣ್ಣಿಗೆ ಕಂಡ ಕೆಲಸಕ್ಕೆ ಎರಡಾಣೆ. ಕಾಣದ್ದಕ್ಕೆ ಕಾಸೂ ಇಲ್ಲ."

"ಮಹಾಸ್ವಾಮಿಯವರೇ ಸಾಕ್ಷಿ!" ಎಂದು ಸಾಹುಕಾರರು ಕುಣಿದಾಡಿದರು.

ಮರುದಿನ ಅರಮನೆಯ ಅಂಗಳದ ಬೆಳಕಿನಲ್ಲಿ ಗಿರಿಜೆ ಪುಸ್ತಕ ಹಿಡಿದು ಕುರ್ಚಿಯ ಮೇಲೆ ಕೂತಳು. ಮೌನಾಚಾರಿ ಮುಚ್ಚಳ ತೆಗೆದ. ಅವನು ಹೆಚ್ಚು ಎಣಿಸಿಬಿಟ್ಟಾನೆಂದು ಸಾಹುಕಾರರು ತಾವೂ ಬೆರಳು ಮಡಚುತ್ತಾ ಎಣಿಸಿದರು. ಆರಕ್ಕೆ ಮುಚ್ಚಳ ಬಿತ್ತು. ಎರಡಾಣೆ ಕೈಸೇರಿತು.

ಸಂಜೆಯ ದರ್ಬಾರಿನಲ್ಲಿ ಭುಜಂಗಯ್ಯ ಕಪ್ಪು ಬಟ್ಟೆಯ ಗಂಟೊಂದನ್ನು ಸಾಹುಕಾರರ ಕೈಗಿಟ್ಟ. "ತಗೊಳ್ಳಿ, ತಮ್ಮ ಪಟ."

"ಇದೇನಯ್ಯ? ಮಗಳ ಮುಖ ಎಲ್ಲಿ?"

"ಒಳಗಿನ ಗಾಜಿನ ಮೇಲೇ ಇದೆ. ಬಟ್ಟೆ ಮಾತ್ರ ಬಿಚ್ಚಬೇಡಿ. ಬೆಳಕು ಬಿದ್ದರೆ ಪಟ ಅಲ್ಲೇ ಕೆಟ್ಟುಹೋಗುತ್ತೆ."

"ಮತ್ತೆ ಗೋಡೆಗೆ ತೂಗುಹಾಕೋದು ಹೇಗೆ?"

"ಬಟ್ಟೆ ಸಮೇತ."

ದರ್ಬಾರು ಗೊಳ್ಳೆಂದಿತು. ಸಾಹುಕಾರರು ಕೆಂಪಾದರು. "ಮಹಾಸ್ವಾಮಿ, ಇದು ಮೋಸ!"

"ಮೋಸವೆಲ್ಲಿ ಬಂತು? ಮುಚ್ಚಳ ತೆಗೆದ, ಆರು ಎಣಿಸಿದ, ಮುಚ್ಚಳ ಹಾಕಿದ. ತಾವೇ ಬೆರಳು ಮಡಚಿದಿರಿ. ಗಾಜು ತೊಳೆದು ಮುಖ ಮೂಡಿಸೋದು, ಅದನ್ನು ಕಾಗದಕ್ಕೆ ಇಳಿಸೋದು, ಇದೆಲ್ಲ ಕತ್ತಲೆ ಕೋಣೆಯ ಕೆಲಸ. ಅದು ತಮಗೆ ಬೇಡವಲ್ಲ?"

"ಕತ್ತಲೇಲಿ ಇವನು ಏನು ಮಾಡ್ತಾನೋ ಯಾರು ಕಂಡರು!"

ಭುಜಂಗಯ್ಯನ ದನಿ ಮೆತ್ತಗಾಯಿತು. "ಸಾಹುಕಾರರೇ, ದಿನಾ ಬೆಳಗ್ಗೆ ಮಲ್ಲೇಶ್ವರನ ಗುಡಿಯಲ್ಲಿ ತೆರೆ ಎಳೆದು ಅರ್ಚಕರು ಒಳಗೆ ಅಲಂಕಾರ ಮಾಡ್ತಾರೆ. ತಾವು ಹೊರಗೆ ಒಂದು ಗಳಿಗೆ ಕೈಮುಗಿದು ನಿಂತಿರ್ತೀರಿ. ತೆರೆ ಸರಿದಾಗ ಕಾಣೋ ಆರತಿ ಎಷ್ಟು ಹೊತ್ತು? ಆರು ಎಣಿಸುವಷ್ಟು. ಒಳಗಿನದು ನಾನು ಕಾಣಲಿಲ್ಲ ಅಂತ ಯಾವತ್ತಾದರೂ ತಟ್ಟೆಗೆ ದಕ್ಷಿಣೆ ಹಾಕದೆ ಬಂದಿದ್ದೀರಾ?"

ಸಾಹುಕಾರರು ಜಿಪುಣರು ನಿಜ, ಭಕ್ತಿಗೆ ಮಾತ್ರ ಕೊರತೆಯಿರಲಿಲ್ಲ. ಸ್ವಾಮಿಯ ಹೆಸರು ಕಿವಿಗೆ ಬಿದ್ದದ್ದೇ ಅವರ ತಲೆ ತಗ್ಗಿತು.

ಪಟ ನೋಡಲೆಂದು ಅಪ್ಪನ ಜೊತೆ ಬಂದಿದ್ದ ಗಿರಿಜೆ ಮೆಲ್ಲಗೆ ಹೇಳಿದಳು: "ಕೊಟ್ಟುಬಿಡಿ ಅಪ್ಪಾಜಿ. ನಾನೂ ಕದ ಮುಚ್ಚಿಕೊಂಡೇ ಅಲ್ಲವೇ ಓದಿದ್ದು? ಊರವರು ಕಂಡದ್ದು ಪಾಸಾದದ್ದನ್ನ ಮಾತ್ರ."

ಮಗಳ ಮಾತು ಮುಗಿಯುವ ಮೊದಲೇ ಅಪ್ಪನ ಚೀಲ ಬಿಚ್ಚಿತ್ತು. ಹನ್ನೆರಡು ರೂಪಾಯಿ ಎಣಿಸಿಕೊಟ್ಟು, ಮೊದಲು ಕೊಟ್ಟಿದ್ದ ಎರಡಾಣೆಯನ್ನು ಹಿಂದಕ್ಕೆ ಕೇಳುವುದನ್ನೂ ಮರೆತರು. ಮೌನಾಚಾರಿ ಆ ಎರಡಾಣೆಯನ್ನು ಸ್ವಾಮಿಯ ಹುಂಡಿಗೆಂದು ತೆಗೆದಿಟ್ಟ.

ಅರಸರಿಗೆ ಭುಜಂಗಯ್ಯನನ್ನು ಕೆಣಕುವ ಆಸೆಯಾಯಿತು. "ಏನಯ್ಯ, ನೀನು ಇವತ್ತು ಆಡಿದ್ದು ನಾಲ್ಕೇ ಮಾತು. ನಿನಗೂ ಎರಡಾಣೆ ಸಾಕಲ್ಲ?"

"ಧಾರಾಳವಾಯ್ತು ಮಹಾಸ್ವಾಮಿ. ಆದರೆ, ಅರಮನೆಗೂ ಅದೇ ದರ ಅಂತ ನಿನ್ನೆ ಅಪ್ಪಣೆಯಾಯಿತಲ್ಲ, ಆಗ ನಾಲಿಗೆ ತುದಿಗೆ ಬಂದು ನುಂಗಿಕೊಂಡ ಮಾತುಗಳು ಬಹಳ ಇವೆ. ತೆರೆಯ ಹಿಂದಿನ ಆ ಕೆಲಸಕ್ಕೆ ತಾವೇ ಬೆಲೆ ಕಟ್ಟಬೇಕು."

ಅರಸರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅರಮನೆಯ ಹದಿನೆಂಟು ಪಟಗಳಿಗೂ ಹನ್ನೆರಡರ ದರವೇ ನಿಗದಿಯಾಯಿತು. ಭುಜಂಗಯ್ಯನಿಗೆ ಜರಿ ಶಾಲು ಸಿಕ್ಕಿತು, ಆ ಮಾತುಗಳು ತೆರೆಯ ಹಿಂದೆಯೇ ಇರಬೇಕೆಂಬ ಕರಾರಿನ ಮೇಲೆ.